ದಫೇದಾರರ ಮಗಳು ಸರೋಜ

ಯಾರಾದರೂ ‘ಸರೋಜಾ’ ಎಂದು ಕೂಗಿದರೆ ನಾನು ಇವತ್ತಿಗೂ ತಿರುಗಿ ನೋಡುತ್ತೇನೆ. ನನ್ನ ಹೆಸರು ಸರೋಜ ಅಲ್ಲ. ನಮ್ಮ ತವರಿನಲ್ಲಿ, ಗಂಡನ ಮನೆಯಲ್ಲಿ, ಎರಡೂ ಕಡೆಯ ನೆಂಟರಿಷ್ಟರಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲ. ಆದರೂ ಕಳೆದ ಶ್ರಾವಣದಲ್ಲಿ ದೇವರಾಜ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಹೂವಿಗೆ ಚೌಕಾಸಿ ಮಾಡುತ್ತಿದ್ದವಳು, ಹಿಂದಿನಿಂದ ಯಾರೋ ‘ಏ ಸರೋಜಾ, ನಿಂತ್ಕೊಳೇ’ ಎಂದದ್ದೇ ತಡ, ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಬಿಟ್ಟು ಗಕ್ಕನೆ ತಿರುಗಿದೆ. ಬಾಳೆಹಣ್ಣಿನ ಅಂಗಡಿ ಮುಂದೆ ಒಬ್ಬ ಹೆಂಗಸು ಇನ್ನೊಬ್ಬಳ ಸೆರಗು ಹಿಡಿದು ನಿಲ್ಲಿಸುತ್ತಿದ್ದಳು. ಅವರ ಸರೋಜ ಬೇರೆ. ಪಕ್ಕದಲ್ಲಿದ್ದ ನನ್ನ ಮಗಳು ಮೇಘನಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಾ, ನಿನ್ನ ಹೆಸರು ಶಶಿಕಲಾ. ನೆನಪಿದ್ಯಾ?” ಎಂದಳು. ಹದಿಮೂರು ವರ್ಷದ ಹುಡುಗಿಯರಿಗೆ ತಾಯಂದಿರ ಬುದ್ಧಿಯ ಬಗ್ಗೆ ಇಂಥ ಅನುಮಾನಗಳು ಬಹಳ ಬೇಗ ಬರುತ್ತವೆ.

ಏನಂತ ಹೇಳಲಿ? ಸರೋಜಳನ್ನು ಹೆತ್ತವಳು ನಿನ್ನ ಅಜ್ಜಿ, ಸಾಕಿದವಳು ನಾನು ಎಂದರೆ ಆ ಮಗುವಿಗೆ ಅರ್ಥವಾಗುತ್ತದೆಯೇ? ನನಗೇ ಸರಿಯಾಗಿ ಅರ್ಥವಾಗಿಲ್ಲ. ನಿಮಗೆ ಹೇಳುತ್ತೇನೆ, ನಿಮಗೇನಾದರೂ ಅರ್ಥವಾದರೆ ನೋಡಿ.

ತೊಂಬತ್ತರ ದಶಕದ ನಡುವಿನ ಮಾತು. ಬಿ.ಕಾಂ. ಮುಗಿಸಿದ ನನಗೆ ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆ ಮೈಸೂರಿನ ಚಾಮುಂಡಿಪುರಂನಲ್ಲಿ. ಎಲೆತೋಟದ ಸ್ಟಾಪಿನ ತನಕ ನಡೆದು, ಅಲ್ಲಿ ನಂಜನಗೂಡು ಬಸ್ಸು ಹಿಡಿದು ಹೋಗಬೇಕು. ಕಾಲೇಜಿಗೆ ಗೆಳತಿಯರ ಗುಂಪಿನಲ್ಲಿ ಹೋಗಿಬರುತ್ತಿದ್ದೆ. ಅದುವರೆಗೆ ನಾನು ಒಬ್ಬಳೇ ಹೋದ ಅತಿ ದೂರದ ಜಾಗ ಎಂದರೆ ಹಿಟ್ಟಿನ ಗಿರಣಿ. ಒಬ್ಬಳೇ ಮಗಳು. ಅಪ್ಪನಿಗೆ ಸಂತೇಪೇಟೆಯಲ್ಲಿ ದಿನಸಿ ಅಂಗಡಿ. ಅಮ್ಮ ದಿನಾ ಪೇಪರಿನಲ್ಲಿ ಕಳ್ಳತನ, ಅಪಹರಣ, ಸರ ಕಿತ್ತುಕೊಂಡ ಸುದ್ದಿಗಳನ್ನು ಮೊದಲು ಓದಿ, ಆಮೇಲೆ ಕಾಫಿಗೆ ಹಾಲಿಡುವವಳು.

ಕೆಲಸಕ್ಕೆ ಸೇರುವ ಹಿಂದಿನ ದಿನ ಅಮ್ಮ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ಹೊರಗಿನಿಂದ ಕೈ ಹಾಕಿ ಸರ ಎಳೆಯುತ್ತಾರೆ. ಕಿಟಕಿ ಪಕ್ಕ ಬಿಟ್ಟು ಬೇರೆಲ್ಲೂ ಕೂರಬೇಡ, ನಿಂತವರು ಮೈಮೇಲೆ ವಾಲುತ್ತಾರೆ. ಯಾರ ಜೊತೆಯೂ ಮಾತಾಡಬೇಡ. ಮಾತಾಡದೆ ಬಿಮ್ಮನೆ ಕೂತರೂ ಒಬ್ಬಳೇ ಇದ್ದಾಳೆ ಅಂತ ಗೊತ್ತಾಗಿಬಿಡುತ್ತದೆ, ಜೊತೆಯಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ ಕೂರು. ಯಾರು ಏನು ಕೊಟ್ಟರೂ ತಿನ್ನಬೇಡ.

“ಪ್ರಸಾದ ಕೊಟ್ರೆ?” ಎಂದೆ.

ಅಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ಪ್ರಸಾದ ಬೇಡವೆನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. “ಕಣ್ಣಿಗೊತ್ಕೊಂಡು ಡಬ್ಬೀಲಿಟ್ಕೊಂಡು ಮನೆಗೆ ತಗೊಂಡ್ ಬಾ. ನಾನು ನೋಡ್ತೀನಿ” ಎಂದಳು. ವಿಷ ಇದ್ದರೆ ಅವಳು ಅದನ್ನು ಹೇಗೆ ನೋಡುತ್ತಿದ್ದಳೋ ಶಿವನಿಗೇ ಗೊತ್ತು.

ಅಪ್ಪನದು ಇನ್ನೊಂದು ದಾರಿ. “ಅವಳ ಮಾತು ಕೇಳ್ಬೇಡ ಕಣಮ್ಮ. ಎಲ್ಲಾರ್ನೂ ಮಾತಾಡಿಸ್ಕೊಂಡು ಹೋಗು. ಮಾತಾಡ್ಸಿದ ಜನ ಕೇಡು ಬಗೆಯಲ್ಲ” ಎಂದರು. ಅಂಗಡಿಗೆ ಕಾಲು ಕೆಜಿ ಬೆಲ್ಲಕ್ಕೆ ಬಂದವರನ್ನೂ ಅಪ್ಪ ಯಾವೂರು, ಯಾರ ಮನೆ, ಯಾವ ಮಠದ ಕಡೆಯವರು, ಅಜ್ಜಿಯ ತವರು ಯಾವುದು ಅಂತ ವಿಚಾರಿಸದೆ ಕಳಿಸಿದವರಲ್ಲ. ಅಷ್ಟರಲ್ಲಿ ಒಂದು ನಂಟು ಸಿಕ್ಕೇ ಸಿಗುತ್ತಿತ್ತು. ಅಂಗಡಿ ಮೆಟ್ಟಿಲು ಹತ್ತುವಾಗ ಅಪರಿಚಿತನಾಗಿದ್ದವನು ಇಳಿಯುವಾಗ ಅಪ್ಪನಿಗೆ ಏನೋ ಒಂದು ಆಗಿರುತ್ತಿದ್ದ.

ಹೀಗೆ ಅಪ್ಪ ಅಮ್ಮನ ನಡುವೆ ಸಿಕ್ಕಿ ನಾನು ಗಲಿಬಿಲಿಯಾದದ್ದು ಅದೇ ಮೊದಲಲ್ಲ. ಚಿಕ್ಕವಳಿದ್ದಾಗ ದಸರಾ ವಸ್ತುಪ್ರದರ್ಶನಕ್ಕೆ ಹೋಗುವ ಮುಂಚೆ ಅಮ್ಮ, ‘ಕಳೆದುಹೋದರೆ ಜಯಂಟ್ ವ್ಹೀಲ್ ಕೆಳಗೆ ನಿಂತ್ಕೋ’ ಎಂದಿದ್ದಳು. ಅಪ್ಪ, ‘ಪೊಲೀಸರ ಹತ್ರ ಹೋಗು’ ಎಂದಿದ್ದರು. ಅಜ್ಜಿ, ‘ಜೋರಾಗಿ ಅಳು’ ಎಂದಿದ್ದರು. ನಾನು ನಿಜವಾಗಿಯೂ ಕಳೆದುಹೋದೆ. ವಿಧೇಯ ಹುಡುಗಿ ನೋಡಿ, ಮೂರನ್ನೂ ಮಾಡಿದೆ. ಜಯಂಟ್ ವ್ಹೀಲ್ ಕೆಳಗೆ ನಿಂತು ಜೋರಾಗಿ ಅತ್ತೆ. ಪೊಲೀಸರೇ ಬಂದರು. ‘ಹೆಸರೇನು ಪುಟ್ಟಿ?’ ಎಂದು ಕೇಳಿದರು. ಗೊತ್ತಿಲ್ಲದವರಿಗೆ ಹೆಸರು ಹೇಳಬಾರದು ಅಂತ ಅಮ್ಮ ಹೇಳಿದ್ದು ಆಗ ಜ್ಞಾಪಕಕ್ಕೆ ಬಂತು. ಬಾಯಿ ಬಿಡಲಿಲ್ಲ. ಮೂಕ ಮಗು ಸಿಕ್ಕಿದೆ ಅಂತ ಮೈಕಿನಲ್ಲಿ ಹೇಳಿದರು. ನಮ್ಮ ಮಗು ಮೂಕಿಯಲ್ಲವಲ್ಲ ಅಂತ ಅಪ್ಪ ಅಮ್ಮ ಆ ಕಡೆ ಬರಲೇ ಇಲ್ಲ.

ಅದಿರಲಿ. ಕೆಲಸಕ್ಕೆ ಹೊರಡುವ ದಿನ ಬೆಳಿಗ್ಗೆ ಅಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಳು. ಎಷ್ಟು ಬೇಡವೆಂದರೂ ಮೈಸೂರಿನ ಜನ ಮಾತಾಡಿಸದೆ ಬಿಡುವುದಿಲ್ಲ. ಆದ್ದರಿಂದ ಮಾತಾಡಲಿ, ಆದರೆ ನನ್ನ ಮಗಳ ಜೊತೆ ಬೇಡ, ಬೇರೆ ಯಾರ ಜೊತೆಯಾದರೂ ಮಾತಾಡಲಿ ಎನ್ನುವುದು ಅವಳ ಉಪಾಯ.

“ಹೆಸರು ಕೇಳಿದ್ರೆ ಸರೋಜ ಅನ್ನು. ನಮ್ಮಪ್ಪ ಪೊಲೀಸ್ ದಫೇದಾರ್ ಅನ್ನು. ಇಬ್ರು ಅಣ್ಣಂದಿರು, ಇಬ್ರೂ ಗರಡಿ ಪೈಲ್ವಾನ್ರು ಅನ್ನು. ಅಷ್ಟಂದ್ಬುಟ್ಟು ಸುಮ್ನಾಗು.”

“ಸರೋಜ ಯಾಕೆ?”

“ನಮ್ ಸ್ಕೂಲಲ್ಲಿ ಸರೋಜ ಅಂತ ಇದ್ಲು. ಅವಳ ತಂಟೆಗೆ ಯಾರೂ ಹೋಗ್ತಿರ್ಲಿಲ್ಲ.”

ಅಪ್ಪ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿ, “ನಂದು ಯಾವ ಸ್ಟೇಷನ್ನು ಅಂತ ಕೇಳಿದ್ರೆ?” ಎಂದರು. ಊದಿದರೆ ಹಾರುವ ಹಾಗಿದ್ದರು ಅಪ್ಪ. ಖಾಕಿ ಹಾಕಿಕೊಂಡಂತೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

“ಟ್ರಾನ್ಸ್‌ಫರ್ ಆಗ್ತಾನೇ ಇರತ್ತೆ ಅನ್ನು” ಎಂದಳು ಅಮ್ಮ. ಹೀಗೆ ಸರೋಜ ಅಪ್ಪ, ಅಣ್ಣಂದಿರ ಸಮೇತ ಹುಟ್ಟಿದಳು.

ಅವಳು ಹುಟ್ಟಿದ ದಿನವೇ ಗಿರಿಜಕ್ಕ ಸಿಕ್ಕಿದರು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕವೂ ಅಲ್ಲದ, ಈ ಪಕ್ಕವೂ ಅಲ್ಲದ ಜಾಗ ಹುಡುಕುತ್ತಾ ನಿಂತಿದ್ದಾಗ, “ಕೂತ್ಕೊಳಮ್ಮ, ಏನು ಸೀಟಿಗೆ ಮುಹೂರ್ತ ನೋಡ್ತಿದ್ದೀಯಾ?” ಎಂದು ಕೈ ಹಿಡಿದು ಕೂರಿಸಿಕೊಂಡರು. ನಲವತ್ತರ ಆಸುಪಾಸಿನ ಹೆಂಗಸು. ಕಾಸಗಲ ಕುಂಕುಮ, ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಬಸ್ಸು ಬಂಡಿಪಾಳ್ಯ ದಾಟುವುದರೊಳಗೆ ವಿಚಾರಣೆ ಶುರುವಾಯಿತು. ಯಾವೂರು? ಯಾರ ಮನೆ? ಅಪ್ಪ ಏನು ಕೆಲಸ? ಒಡಹುಟ್ಟಿದವರೆಷ್ಟು ಜನ? ನಾನು ಅಮ್ಮನ ಪಾಠವನ್ನು ಒಪ್ಪಿಸಿದೆ. ಆಕೆಯೂ ತಮ್ಮದನ್ನು ಹೇಳಿಕೊಂಡರು. ಹೆಸರು ಗಿರಿಜ. ಗಾಂಧಿನಗರದಲ್ಲಿ ಮನೆ. ಕಡಕೊಳದಲ್ಲಿ ‘ಒಂದು ಕಂಪ್ನಿ’. “ನಮ್ಮನೆಯವ್ರು ಮಿಲಿಟ್ರೀಲವ್ರೆ. ವರ್ಷಕ್ಕೊಂದ್ಸಲ ರಜಕ್ಕೆ ಬತ್ತಾರೆ.”

ಅಷ್ಟಂದುಬಿಟ್ಟು ಸುಮ್ಮನಾಗು ಎಂದಿದ್ದಳು ಅಮ್ಮ. ಮೈಸೂರಿನ ಬಸ್ಸಿನಲ್ಲಿ ಸುಮ್ಮನಾಗುವುದು ಅಷ್ಟು ಸುಲಭವೇ? ಗಿರಿಜಕ್ಕನಿಗೆ ಕುಸ್ತಿಯ ಹುಚ್ಚು. ದಿನಾ ಬೆಳಿಗ್ಗೆ, “ನಿಮ್ಮಣ್ಣಂದಿರು ದಸರಾ ಕುಸ್ತಿಗೆ ಹೆಸ್ರು ಕೊಟ್ಟವ್ರಾ? ಜೋಡಿ ಯಾರು?” ಎಂದು ಕೇಳುವರು. ಕುಸ್ತಿಯೆಂದರೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲದ ನಾನು, ತಪ್ಪಿಸಿಕೊಳ್ಳಲು ದೊಡ್ಡಣ್ಣನ ಮಂಡಿಗೆ ಪೆಟ್ಟಾಗಿದೆ ಎಂದೆ. ಮಾರನೆಯ ದಿನ ಒಂದು ಬಾಟಲಿ ಉಳುಕಿನ ಎಣ್ಣೆ ತಂದುಕೊಟ್ಟರು. ಬೆಚ್ಚಗೆ ಮಾಡಿ, ಮೇಲಿನಿಂದ ಕೆಳಕ್ಕೆ ನೀವಬೇಕಂತೆ. ಎಸೆಯಲು ಮನಸ್ಸು ಬರಲಿಲ್ಲ. ಅಪ್ಪ ಹಚ್ಚಿಕೊಂಡರು. ಅಂಗಡಿಯಲ್ಲಿ ನಿಂತು ನಿಂತು ಹಿಡಿದುಕೊಂಡಿದ್ದ ಅವರ ಮಂಡಿನೋವು ನಿಜವಾಗಿಯೂ ಇಳಿಯಿತು. “ಪೈಲ್ವಾನ್ರು ಹೇಗವ್ರೆ?” ಎಂದು ಕೇಳಿದಾಗಲೆಲ್ಲ ನಾನು ಅಪ್ಪನ ಮಂಡಿಯ ವರದಿ ಕೊಡುತ್ತಿದ್ದೆ.

ತಿಂಡಿಯದೂ ಅದೇ ಕಥೆ. ಗಿರಿಜಕ್ಕನ ಬಟ್ಟೆ ಚೀಲದಲ್ಲಿ ಯಾವಾಗಲೂ ಕೋಡುಬಳೆ ಇರುತ್ತಿತ್ತು. ಮೊದಮೊದಲು ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದೆ. ಅಮ್ಮ ಅದನ್ನು ಮೂಸಿ, ಮುರಿದು, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ತಾನೇ ತಿಂದು, “ಉಪ್ಪು ಒಂಚೂರು ಮುಂದು” ಎನ್ನುವಳು. ಆಮೇಲಾಮೇಲೆ ನಾನು ಬಸ್ಸಿನಲ್ಲೇ ತಿಂದು ಮುಗಿಸತೊಡಗಿದೆ. “ಇವತ್ತು ಆ ಹೆಂಗಸು ಏನೂ ಕೊಡ್ಲಿಲ್ವಾ?” ಎಂದು ಅಮ್ಮ ಕೇಳುತ್ತಿದ್ದಳು. ಕೊಡುವುದು ಅಪಾಯವೋ ಕೊಡದಿರುವುದು ಅಪಾಯವೋ ನನಗೆ ತಿಳಿಯದಂತಾಯಿತು.

ಹೀಗಿರುವಾಗ ಸ್ವೆಟರಿನವನು ಬಂದ. ಬೇಸಿಗೆಯಲ್ಲೂ ಕಂದು ಬಣ್ಣದ ಸ್ವೆಟರ್ ಹಾಕುತ್ತಿದ್ದ. ಸಂಜೆ ಬಸ್ಸಿನಲ್ಲಿ ಎದುರು ಸಾಲಿನಲ್ಲಿ ಕೂತು ನೋಡುತ್ತಿದ್ದ. ನೋಡಲಿ, ಕಣ್ಣಿರುವವರು ನೋಡುತ್ತಾರೆ ಅಂದುಕೊಂಡೆ. ಒಂದು ಸಂಜೆ ಎಲೆತೋಟದಲ್ಲಿ ನನ್ನ ಹಿಂದೆಯೇ ಇಳಿದ. ನಮ್ಮ ಮನೆ ತಿರುವಿನ ತನಕ ಹಿಂದೆಯೇ ಬಂದ. ಮಾರನೆಯ ದಿನವೂ ಬಂದ. ನಾನು ಬೇಗ ನಡೆದರೆ ಬೇಗ ನಡೆದ. ನಿಂತರೆ, ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ಅವನ ಕಾಲಿನಲ್ಲಿದ್ದದ್ದು ಹವಾಯಿ ಚಪ್ಪಲಿ. ಹವಾಯಿ ಚಪ್ಪಲಿಯಲ್ಲಿ ಸರಿಮಾಡಿಕೊಳ್ಳುವುದು ಏನಿರುತ್ತದೆ ಹೇಳಿ? ಅದನ್ನು ನೋಡಿದ ಮೇಲೆ ನನಗೆ ನಿಜವಾಗಿ ಭಯವಾಯಿತು.

ಮನೆಯಲ್ಲಿ ಹೇಳಿದರೆ ಅಮ್ಮ ಆ ಕ್ಷಣವೇ ಕೆಲಸ ಬಿಡಿಸುತ್ತಿದ್ದಳು. ಅಷ್ಟು ಇಷ್ಟಪಟ್ಟು ಹೋಗುತ್ತಿದ್ದ ಕೆಲಸ. ಹೇಳದಿದ್ದರೆ ನಾಳೆ ಏನಾಗುತ್ತದೋ ಗೊತ್ತಿಲ್ಲ. ಪೊಲೀಸ್ ಠಾಣೆಗೆ ಹೋಗಲು ಧೈರ್ಯವಿಲ್ಲ. ಸರೋಜ ಆಗಿದ್ದರೆ ಅಪ್ಪನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಶಶಿಕಲಾಳ ಅಪ್ಪ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಕೊನೆಗೆ ಬಸ್ಸಿನಲ್ಲಿ ಗಿರಿಜಕ್ಕನ ಹತ್ತಿರ ಹೇಳಿಕೊಂಡೆ.

“ನಿಮ್ಮಪ್ಪಂಗೆ ಹೇಳಿದ್ಯಾ?”

“ಅಪ್ಪ... ಬಂದೋಬಸ್ತಿಗೆ ಹೋಗಿದಾರೆ.”

“ಅಣ್ಣಂದಿರು?”

“ಮಂಡಿನೋವು.”

“ಇಬ್ರಿಗೂವಾ?”

“ಇಬ್ರಿಗೂ.”

ಗಿರಿಜಕ್ಕ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಟಕಿಯಾಚೆ ನೋಡಿದರು. “ನಮ್ಮನೆಯವ್ರು ರಜದಲ್ಲಿದ್ದಿದ್ರೆ ಒಂದ್ ಕೈ ನೋಡ್ಕೊಳೋರು. ಇರ್ಲಿ ಬುಡು” ಎಂದರು.

ಆ ಸಂಜೆ ಎಲೆತೋಟದಲ್ಲಿ ನನ್ನ ಜೊತೆ ಅವರೂ ಇಳಿದರು. ನಮ್ಮ ತಿರುವಿನ ತನಕ ಬಂದು, ಮತ್ತೆ ಅಷ್ಟೂ ದೂರ ವಾಪಸ್ಸು ನಡೆದು, ಇನ್ನೊಂದು ಬಸ್ಸು ಹಿಡಿದು ಹೋದರು. ದಿನಾ ಹಾಗೇ ಮಾಡಿದರು. ದಾರಿಯುದ್ದಕ್ಕೂ ಪಾಠ. “ಓಡ್‌ಬೇಡ. ಮುಖ ಕೆಳಗೆ ಹಾಕ್ಬೇಡ. ಅಂಗಡಿ ಇರೋ ಕಡೆಯಿಂದ ನಡಿ. ಇಸ್ತ್ರಿಯವ್ನು, ಹಾಲಿನ ಬೂತಿನವ್ನು, ಎಲ್ಲಾರ ಹೆಸ್ರೂ ತಿಳ್ಕೊ, ಕೂಗಿದ್ರೆ ಹೆಸ್ರಿಡ್ದು ಕೂಗ್ಬೇಕು. ಅವ್ನು ಹಿಂದೆ ಬಂದ್ರೆ ಸೀದಾ ಮನೆಗೆ ಹೋಗ್ಬೇಡ, ಮನೆ ತೋರಿಸ್ದಂಗಾಯ್ತದೆ, ಅಂಗಡೀಲಿ ನಿಂತ್ಕೊ.” ಅಮ್ಮನ ಪಾಠದಲ್ಲಿ ಇರದ ಮಾತುಗಳು ಇವು. ಅಪ್ಪನ ಪಾಠದ ಹಾಗಿದ್ದವು, ಆದರೆ ಅದೂ ಅಲ್ಲ.

ಸ್ವೆಟರಿನವನು ಮಾತ್ರ ಬರುವುದನ್ನು ಬಿಡಲಿಲ್ಲ. ಸ್ವಲ್ಪ ದೂರದಲ್ಲಿ ಬರುತ್ತಿದ್ದ, ಅಷ್ಟೇ. ಒಂದು ಸಂಜೆ ಹಾಲಿನ ಬೂತಿನ ಮುಂದೆ ಗಿರಿಜಕ್ಕ ತಟ್ಟನೆ ನಿಂತು ತಿರುಗಿದರು. ಅವನು ಬಗ್ಗಿದ.

“ಏನಪ್ಪಾ, ಚಪ್ಪಲಿ ಕಿತ್ತೋಯ್ತಾ?” ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದರು. ಬೂತಿನ ಮುಂದಿದ್ದ ಜನವೆಲ್ಲ ತಿರುಗಿತು. “ಯಾವೂರು ನಿಂದು?”

“ನಂಜನಗೂಡು ಕಡೆ.”

“ಕಡೆ ಅನ್ನೋ ಊರಿಲ್ಲಪ್ಪ. ಊರ ಹೆಸರೇಳು.”

ಅವನು ಏನೋ ಒಂದು ಊರ ಹೆಸರು ಹೇಳಿದ.

“ಅಲ್ಲಿ ಯಾರ ಮಗ? ಮೇಲಿನ ಬೀದಿಯೋ, ಕೆಳಗಿನ ಬೀದಿಯೋ? ಅಂದ್ರೆ ಅಕ್ಕಿ ಗಿರಣಿ ಹತ್ರ ಇರೋರು ನಿನ್ ಸೋದರಮಾವನಾ?”

ಅವನ ಮುಖದ ಬಣ್ಣವೇ ಹೋಯಿತು. “ಅವ್ರು ನಿಮ್ಗೆ ಗೊತ್ತಾ?” ಎಂದ.

“ಗೊತ್ತಾ ಅಂತ ಕೇಳ್ತೀಯಲ್ಲ! ಭಾನುವಾರ ಸಿಕ್ತಾರೆ. ನಿಮ್ ಹುಡ್ಗ ದಿನಾ ಸಂಜೆ ಇಂಗಿಂಗೆ ಎಣ್ಮಕ್ಳ ಹಿಂದೆ ಓಡಾಡ್ತಾವ್ನೆ ಅಂತ ಹೇಳ್ತೀನಿ.”

“ಇಲ್ಲೇ ನಮ್ಮಕ್ಕನ ಮನೆ ಇದೆ...”

“ಯಾವ ಬೀದಿ? ಭಾವನ ಹೆಸರೇನು?”

ಅವನು ಬಾಯಿ ತೆರೆದ, ಮುಚ್ಚಿದ, ಬಂದ ದಾರಿಯಲ್ಲೇ ಹೊರಟುಹೋದ. ಆಮೇಲೆ ಆ ಬಸ್ಸಿನಲ್ಲಿ ಅವನನ್ನು ನಾನು ನೋಡಲಿಲ್ಲ.

“ಅವನ ಸೋದರಮಾವ ನಿಮಗೆ ಹೇಗೆ ಗೊತ್ತು ಗಿರಿಜಕ್ಕ?” ಎಂದೆ.

“ನಂಗೆಲ್ಲಿ ಗೊತ್ತು? ಎಲ್ಲಾರ್ಗೂ ಒಬ್ಬ ಸೋದರಮಾವ ಇದ್ದೇ ಇರ್ತಾನೆ ಕಣೆ. ಅಕ್ಕಿ ಗಿರಣಿ ಇಲ್ದಿರೋ ಊರು ಯಾವ್ದದೆ?”

ನಗು ಬಂತು, ಅಳುವೂ ಬಂತು, ಹಾಲಿನ ಬೂತಿನ ಮುಂದೆ ಎರಡನ್ನೂ ಮಾಡಿದೆ. ಇದರಲ್ಲೂ ಒಂದು ಗೊಂದಲ ಉಳಿದುಕೊಂಡಿದೆ ನೋಡಿ. ಅವನಿಗೆ ನಿಜವಾಗಿಯೂ ಅಲ್ಲಿ ಅಕ್ಕ ಇದ್ದಿದ್ದರೆ? ಗಾಬರಿಯಲ್ಲಿ ಭಾವನ ಹೆಸರು ಮರೆತಿದ್ದರೆ? ಭಾವನ ಹೆಸರು ಮರೆಯುವವರು ಇರುತ್ತಾರೆಯೇ? ಗೊತ್ತಿಲ್ಲ. ಆದರೆ ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮಾರನೆಯ ದಿನದಿಂದ ‘ಸರೋಜಾ’ ಎಂದು ಗಿರಿಜಕ್ಕ ಕರೆದಾಗಲೆಲ್ಲ ಎದೆಯಲ್ಲಿ ಚುಳುಕ್ ಎನ್ನತೊಡಗಿತು. ನನಗೋಸ್ಕರ ಅಷ್ಟು ದೂರ ನಡೆದವರಿಗೆ ನನ್ನ ಹೆಸರೇ ಗೊತ್ತಿಲ್ಲ. ಹೇಳಿಬಿಡಬೇಕು. ಹೇಗೆ ಹೇಳುವುದು? ಹೆಸರು ಹೇಳಿದರೆ ಅಪ್ಪನ ದಫೇದಾರಿಕೆ ಹೋಗುತ್ತದೆ, ಅಣ್ಣಂದಿರು ಹೋಗುತ್ತಾರೆ, ಎಣ್ಣೆ ಹಚ್ಚಿದ ಮಂಡಿ ಯಾರದು ಅಂತ ಹೇಳಬೇಕಾಗುತ್ತದೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿದ್ದವಳು ನನಗಿಂತ ಹೆಚ್ಚು ತಬ್ಬಿಬ್ಬಾಗಿ ಕಾಣುತ್ತಿದ್ದಳು.

ಒಂದು ಶನಿವಾರ ಬಸ್ಸಿಳಿಯುವಾಗ ಗಿರಿಜಕ್ಕನೇ, “ಸರೋಜಾ, ಸೋಮವಾರ ನಿಂಗೊಂದು ಮಾತು ಹೇಳ್ಬೇಕು ಕಣೆ” ಎಂದರು.

“ನಾನೂ ಒಂದು ಹೇಳ್ಬೇಕು ಗಿರಿಜಕ್ಕ.”

“ಸರಿ, ಇಬ್ರೂ ಹೇಳ್ಕೊಂಬುಡೋಣ.”

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಮುಂದಿನ ವಾರವೂ ಇಲ್ಲ. ಕಡಕೊಳದಲ್ಲಿ ಕಂಡ ಕಂಡ ಗೇಟಿನ ಮುಂದೆ ನಿಂತು ‘ಗಿರಿಜಕ್ಕ ಅಂತ, ಮಿಲಿಟ್ರಿಯವರ ಹೆಂಡತಿ’ ಎಂದು ಕೇಳಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಗಾಂಧಿನಗರಕ್ಕೂ ಹೋದೆ. ನಾನು ಒಬ್ಬಳೇ ಹೋಗಿ, ಗೊತ್ತಿಲ್ಲದ ಬೀದಿಗಳಲ್ಲಿ ಗೊತ್ತಿಲ್ಲದವರ ಬಾಗಿಲು ತಟ್ಟಿದ್ದು ಅಮ್ಮನಿಗೆ ತಿಳಿದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ಅಲ್ಲಿಯೂ ಅಂಥವರು ಯಾರೂ ಇರಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ.

“ಯಾರಿಗೋಸ್ಕರ ಅಳ್ತಿದ್ದೀಯೇ?” ಎಂದಳು ಅಮ್ಮ ಗಾಬರಿಯಿಂದ.

“ಬಸ್ಸಲ್ಲಿ ಸಿಗ್ತಿದ್ರಲ್ಲ, ಅವ್ರಿಗೆ.”

“ಗೊತ್ತಿಲ್ದೋರಿಗೆಲ್ಲ ಯಾರಾದ್ರೂ ಅಳ್ತಾರಾ?”

ಅಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಹೆಸರು ನಿಜವೋ ಗೊತ್ತಿಲ್ಲ, ಊರು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ. ಗೊತ್ತಿದ್ದದ್ದು ಕೋಡುಬಳೆಯ ಉಪ್ಪು ಮಾತ್ರ. ಯುಗಾದಿ ಕಳೆಯುತ್ತಲೇ ನನಗೆ ಮದುವೆ ಗೊತ್ತಾಯಿತು, ಕೆಲಸ ಬಿಟ್ಟೆ. ಆಮೇಲೆ ಆ ದಾರಿಯಲ್ಲಿ ಓಡಾಡುವ ಪ್ರಮೇಯವೇ ಬರಲಿಲ್ಲ. ಆದರೆ ಸರೋಜ ಹೋಗಲಿಲ್ಲ. ಯಾರಾದರೂ ಕೂಗಿದರೆ, ಗಿರಿಜಕ್ಕನೇ ಇರಬೇಕು, ಈ ಸಲ ಹೇಳಿಬಿಡಬೇಕು ಎಂದು ತಿರುಗುತ್ತೇನೆ. ಇಷ್ಟು ವರ್ಷವೂ ಹೀಗೇ ಆಯಿತು.

ಈಗ ಮೇಘನಾಳ ವಿಷಯಕ್ಕೆ ಬರುತ್ತೇನೆ. ಈ ಬೇಸಿಗೆ ರಜದಲ್ಲಿ ಅವಳು ಇಲವಾಲದಲ್ಲಿರುವ ಅತ್ತೆಯ ಮನೆಗೆ, ಅಂದರೆ ನನ್ನ ನಾದಿನಿಯ ಮನೆಗೆ, ಒಬ್ಬಳೇ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಳು. ‘ಹೋಗಲಿ ಬಿಡು’ ಎಂದರು ನನ್ನ ಗಂಡ. ಈಗ ನಮ್ಮ ಜೊತೆಯಲ್ಲೇ ಇರುವ ಅಮ್ಮ ಮೊಮ್ಮಗಳನ್ನು ಕೂರಿಸಿಕೊಂಡು ಹಳೆಯ ಪಾಠವನ್ನು ಅಕ್ಷರವೂ ಬಿಡದೆ ಒಪ್ಪಿಸಿದಳು. ಸರೋಜ ಅನ್ನು, ನಮ್ಮ ತಾತ ದಫೇದಾರ್ ಅನ್ನು.

“ಅಯ್ಯೋ ಅಜ್ಜೀ, ನನ್ನ ಹತ್ರ ಅಮ್ಮನ ಮೊಬೈಲ್ ಇರತ್ತೆ” ಎಂದು ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, “ನೀನು ಹೇಳಮ್ಮ, ಮಾತಾಡ್ಬೇಕಾ, ಬೇಡ್ವಾ?” ಎಂದಳು.

“ಮಾತಾಡು. ಆದ್ರೆ ಮಾತಾಡ್ಬೇಡ. ಹೆಂಗಸರ ಪಕ್ಕ ಕೂತ್ಕೋ. ಹೆಂಗಸರು ಅಂತ ಎಲ್ಲಾರ್ನೂ ನಂಬ್ಬೇಡ. ಹಾಗಂತ ಎಲ್ಲಾರ ಮೇಲೂ ಅನುಮಾನ ಪಡ್ಬೇಡ” ಎಂದೆ. ಮಗಳು ನಿಟ್ಟುಸಿರು ಬಿಟ್ಟಳು. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಇಷ್ಟು.

ನನ್ನ ಮಾತಿನ ಮೇಲೆ ನನಗೇ ಭರವಸೆ ಇರಲಿಲ್ಲವಾದ್ದರಿಂದ ನಾನೇ ಹಿಂದೆ ಹೊರಟೆ. ಅಮ್ಮನ ಬೂದು ಶಾಲನ್ನು ತಲೆ ತುಂಬ ಹೊದ್ದು, ಗಂಡನ ಕಪ್ಪು ಕನ್ನಡಕ ಹಾಕಿಕೊಂಡು, ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಮುಂಬಾಗಿಲಲ್ಲಿ ಹತ್ತಿದಾಗ ಹಿಂಬಾಗಿಲಲ್ಲಿ ಹತ್ತಿದೆ. ಉರಿಬಿಸಿಲು. ಶಾಲಿನೊಳಗೆ ಬೆವರಿನ ಧಾರೆ. ಕಂಡಕ್ಟರ್ ಕೂಡ ಒಂದು ಥರ ನೋಡಿ ಟಿಕೆಟ್ ಕೊಟ್ಟ.

ಹಿನಕಲ್‌ನಲ್ಲಿ ಒಬ್ಬ ವಯಸ್ಸಾದ ಹೆಂಗಸು ಹತ್ತಿ ಮೇಘನಾಳ ಪಕ್ಕದಲ್ಲೇ ಕೂತಳು. ಬಿಳಿ ಕೂದಲು, ಬಾಗಿದ ಬೆನ್ನು. ನನಗೆ ಬರೀ ಬೆನ್ನು ಕಾಣುತ್ತಿತ್ತು. ಕೂತವಳೇ ಮಾತಿಗೆ ತೊಡಗಿದಳು. ನಮ್ಮ ಹುಡುಗಿ ತಲೆ ಆಡಿಸಿ ಆಡಿಸಿ ಉತ್ತರ ಕೊಡುತ್ತಿದ್ದಾಳೆ! ಆಮೇಲೆ ಆ ಹೆಂಗಸು ಚೀಲದಿಂದ ಏನೋ ತೆಗೆದು ಕೊಟ್ಟಳು. ಮೇಘನಾ ಬಾಯಿಗೆ ಹಾಕಿಕೊಂಡೇಬಿಟ್ಟಳು. ಪೇಪರಿನಲ್ಲಿ ಅಮ್ಮ ಓದಿದ ಸುದ್ದಿಗಳೆಲ್ಲ ಒಟ್ಟಿಗೆ ನೆನಪಾದವು. ಅಷ್ಟರಲ್ಲಿ ಆ ಹೆಂಗಸು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ನಾನು ಶಾಲು ಎಳೆದುಕೊಂಡೆ. ಎಳೆದುಕೊಂಡಷ್ಟೂ ನೋಡಿದಳು. ನೋಡಿದಷ್ಟೂ ಎಳೆದುಕೊಂಡೆ.

ಇಲವಾಲದಲ್ಲಿ ಅವಳು ನನ್ನ ಮಗಳ ಕೈ ಹಿಡಿದುಕೊಂಡೇ ಇಳಿದಳು. ನಾನೂ ಇಳಿದೆ. ಅವರು ಬೇಗ ನಡೆದರೆ ಬೇಗ ನಡೆದೆ. ಅವರು ನಿಂತಾಗ ಏನು ಮಾಡಬೇಕೋ ತೋಚದೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ನನ್ನ ಕಾಲಿನಲ್ಲಿದ್ದದ್ದು ಹವಾಯಿ ಚಪ್ಪಲಿ.

“ಏನಮ್ಮಾ, ಚಪ್ಪಲಿ ಕಿತ್ತೋಯ್ತಾ?”

ಬಗ್ಗಿದವಳು ಬಗ್ಗಿದಂತೆಯೇ ಇದ್ದೆ. ಆ ದನಿ!

“ಹಿನಕಲ್‌ನಿಂದ ನೋಡ್ತಾನೇ ಇವ್ನಿ. ಈ ಮಗೀನ ಯಾಕೆ ಹಿಂಬಾಲಿಸ್ತಾ ಇದ್ದೀಯಾ? ಯಾವೂರು ನಿಂದು? ಯಾರ ಮನೆ? ಹೆಸರೇನು?”

ಎದ್ದು ನಿಂತೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತವರಿಗೆ ಹೇಳಬೇಕೆಂದು ಕನ್ನಡಿ ಮುಂದೆ ಕಲಿತಿದ್ದೆನಲ್ಲ, ಅದೊಂದೂ ಬರಲಿಲ್ಲ. “ಸರೋಜ” ಎಂದೆ. “ನಮ್ಮಪ್ಪ ಪೊಲೀಸ್ ದಫೇದಾರ್.”

“ಅಯ್ಯೋ, ಅದು ಬಸ್ಸಲ್ಲಿ ನಾನ್ ಇವ್ರಿಗೆ ಹೇಳಿದ್ದು!” ಎಂದು ಕಿರುಚಿದಳು ಮೇಘನಾ. “ಅಮ್ಮಾ? ನೀನಾ?”

ಆಕೆ ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಸೊಂಟದ ಮೇಲಿನ ಕೈ ಮೆಲ್ಲಗೆ ಇಳಿಯಿತು.

“ಅಣ್ಣಂದಿರ ಮಂಡಿನೋವು ವಾಸಿ ಆಯ್ತಾ?” ಎಂದರು.

ಶಾಲು ತೆಗೆದೆ. ಕನ್ನಡಕ ತೆಗೆದೆ. “ಗಿರಿಜಕ್ಕಾ” ಎಂದು ಅವರ ಎರಡೂ ಕೈ ಹಿಡಿದುಕೊಂಡೆ.

“ನಾನು ಗಿರಿಜ ಅಲ್ಲ ಕಣೆ” ಎಂದರು ಅವರು. ಕಣ್ಣು ತುಂಬಿತ್ತು. “ಪುಟ್ಟಗೌರಮ್ಮ. ಮಿಲಿಟ್ರೀನೂ ಇಲ್ಲ, ಏನೂ ಇಲ್ಲ. ಮದ್ವೆ ಆದ ವರ್ಷವೇ ಬುಟ್ಟು ಹೋದ. ಒಬ್ಳೇ ಓಡಾಡೋ ಎಂಗ್ಸಿಗೆ ಒಬ್ಬ ಗಂಡ ಬೇಕಲ್ಲಾ ಅಂತ ಗಡೀಲಿ ನಿಲ್ಲಿಸ್ಕೊಂಡಿದ್ದೆ. ಆ ಸೋಮವಾರ ಅದ್ನೇ ನಿಂಗೆ ಹೇಳ್ಬೇಕು ಅಂತಿದ್ದೆ. ಭಾನುವಾರ ನಮ್ಮವ್ವ ಬಿದ್ದು ಸೊಂಟ ಮುರ್ಕೊಂಡ್ಲು. ಇಲ್ಲಿಗೆ ಬಂದೋಳು ಇಲ್ಲೇ ಉಳ್ಕೊಂಬುಟ್ಟೆ.”

“ಗಾಂಧಿನಗರಕ್ಕೆ ಬಂದು ಹುಡುಕಿದೆ.”

“ಗಾಂಧಿನಗರದಲ್ಲಿ ನಾನೆಲ್ಲಿದ್ದೆ? ನಾನೂ ನಿನ್ನ ಉಡುಕ್ದೆ ಕಣೆ. ಮಳೆಗಾಲದಲ್ಲಿ ಬಂದು ಬಸ್ಸಲ್ಲಿ ಕಾದೆ, ನೀನು ಬರ್ನಿಲ್ಲ. ಎಲೆತೋಟದ ಇಸ್ತ್ರಿಯವನ್ನ ಕೇಳ್ದೆ, ಸರೋಜ ಅನ್ನೋರು ಯಾರೂ ಇಲ್ಲ ಅಂದ. ಪೊಲೀಸ್ ಕ್ವಾರ್ಟರ್ಸಿಗೆ ಹೋಗಿ, ಇಬ್ರು ಪೈಲ್ವಾನ್ ಮಕ್ಕಳಿರೋ ದಫೇದಾರ್ ಮನೆ ಯಾವ್ದು ಅಂತ ಮನೆಮನೇನೂ ಕೇಳ್ದೆ. ಗರಡಿಗೂ ಹೋದೆ. ಎಂಗಸ್ರು ಒಳೀಕ್ಕೆ ಬರಂಗಿಲ್ಲ ಅಂದ್ರು, ಬಾಗಿಲಲ್ಲೇ ನಿಂತ್ಕೊಂಡು ಕೇಳ್ದೆ, ಮಂಡಿನೋವಿನ ಅಣ್ಣ ತಮ್ಮ ಬತ್ತಾರಾ ಅಂತ.”

ಗರಡಿಯ ಬಾಗಿಲಲ್ಲಿ ನಿಂತು, ನನ್ನ ಅಮ್ಮ ಬಾಯಿಗೆ ಬಂದಂತೆ ಹುಟ್ಟಿಸಿದ ಇಬ್ಬರು ಗಂಡುಮಕ್ಕಳನ್ನು ಆಕೆ ಕೇಳುತ್ತಿರುವುದು ಕಣ್ಣಿಗೆ ಕಟ್ಟಿತು. ನಮ್ಮಿಬ್ಬರ ಸುತ್ತ ಪೊಲೀಸು, ಮಿಲಿಟರಿ, ಪೈಲ್ವಾನರು. ಆ ಬಸ್ಸಿನಲ್ಲಿ ನಿಜವಾಗಿ ಇದ್ದವರು ನಾವಿಬ್ಬರೇ. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ.

ಮೇಘನಾ ನನ್ನ ಸೆರಗು ಜಗ್ಗಿದಳು. “ಅಮ್ಮಾ, ಇವ್ರು ಗೊತ್ತಿರೋರಾ, ಗೊತ್ತಿಲ್ದೋರಾ? ನಾನು ಕೋಡುಬಳೆ ತಿಂದ್ಬುಟ್ಟೆ.”

ನಾನು ಬಾಯಿ ತೆರೆದೆ.

“ತಡಿಯವ್ವ, ವಿಚಾರ್‍ಸಿ ಹೇಳ್ತೀನಿ” ಎಂದರು ಗಿರಿಜಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಸೊಂಟದ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದರು. “ಈಗ ಹೇಳು. ಯಾವೂರು ನಿಂದು? ಯಾರ ಮಗಳು?”

“ಚಾಮುಂಡಿಪುರಂ. ಸಂತೇಪೇಟೆ ದಿನಸಿ ಅಂಗಡಿಯವರ ಮಗಳು.”

“ಪೈಲ್ವಾನ್ರು?”

“ಇಲ್ಲ.”

“ಒಬ್ನೂವೇ?”

“ಒಬ್ಬನೂ ಇಲ್ಲ ಗಿರಿಜಕ್ಕ. ನಾನೊಬ್ಬಳೇ.”

“ಅಯ್ಯೋ ಪಾಪ” ಎಂದರು, ನಿಜವಾಗಿಯೂ ಯಾರೋ ಹೋಗಿಬಿಟ್ಟರೇನೋ ಅನ್ನುವ ಹಾಗೆ. “ಹೆಸರು?” ಎಂದು ಕೇಳಿದರು.

“ಶಶಿಕಲಾ.”

ಆ ಹೆಸರನ್ನು ಒಂದೆರಡು ಸಲ ಬಾಯಲ್ಲೇ ಹೇಳಿ ನೋಡಿಕೊಂಡರು. ಆಮೇಲೆ ಚೀಲದಿಂದ ಇನ್ನೊಂದು ಕೋಡುಬಳೆ ತೆಗೆದು ನನ್ನ ಕೈಗಿಟ್ಟು, “ಚೆನ್ನಾಗದೆ ಕಣೆ, ಸರೋಜಾ” ಎಂದರು.